ಬಲಕ್ಕೆ ಬಿದ್ದ ಹೂವಿನ ಫೋಟೋ

ಜೇನುಹುಳಕ್ಕೂ ಒಂದು ಮುಖವಿದೆ ಎಂದು ಗುಂಡ್ಲುಪೇಟೆಯಲ್ಲಿ ಮೊದಲು ಕಂಡುಹಿಡಿದವನು ನಮ್ಮ ಕಚೇರಿಯ ಗುಮಾಸ್ತ ಮಲ್ಲಿಕಾರ್ಜುನಸ್ವಾಮಿ. ಕಂಡುಹಿಡಿದು ಸುಮ್ಮನಿದ್ದಿದ್ದರೆ ಹರವೆ ಪಕ್ಕದ ಒಂದು ಊರಿನ ಜನ ಮೂರು ದಿನ ಊಟ ನಿದ್ದೆ ಬಿಡುತ್ತಿರಲಿಲ್ಲ, ನನ್ನ ಸ್ಕೂಟರಿನ ಕ್ಲಚ್ ವೈರೂ ಹರಿಯುತ್ತಿರಲಿಲ್ಲ. ಆದರೆ ಅವನು ಆ ಮುಖದ ಫೋಟೋ ತೆಗೆಯಲು ಹೊರಟ.

ಇದು ಎರಡು ಸಾವಿರದ ನಾಲ್ಕನೇ ಇಸವಿಯ ಮಾತು. ಚಾಮರಾಜನಗರದಲ್ಲಿ ಜೇನು ಸಾಕುವವರ ಸಂಘವೊಂದು ‘ಜೇನು ಮತ್ತು ಹೂವು’ ಎಂಬ ಫೋಟೋ ಸ್ಪರ್ಧೆ ಏರ್ಪಡಿಸಿತ್ತು. ಮೊದಲ ಬಹುಮಾನ ಒಂದು ಜೇನುಪೆಟ್ಟಿಗೆ, ಹುಳಗಳ ಸಮೇತ. ಮಲ್ಲಿಕಾರ್ಜುನಸ್ವಾಮಿ ಅದೇ ವಾರ ಕೇರಳದ ಮದುವೆ ಫೋಟೋಗ್ರಾಫರನೊಬ್ಬನಿಂದ ಹಳೆಯ ಕ್ಯಾಮೆರಾ ಕೊಂಡು, ಕೊರಳಿಗೆ ನೇತುಹಾಕಿಕೊಂಡು ಕಚೇರಿಗೆ ಬಂದ. ಊಟ ಮಾಡುವಾಗಲೂ ತೆಗೆಯಲಿಲ್ಲ. ಸಾರಿನ ಹನಿ ಬೀಳದಂತೆ ಕ್ಯಾಮೆರಾಗೆ ಕರವಸ್ತ್ರ ಕಟ್ಟಿದ್ದ, ತನ್ನ ಅಂಗಿಗೆ ಕಟ್ಟಿಕೊಂಡಿರಲಿಲ್ಲ.

“ಆ ಪೆಟ್ಟಿಗೆ ಗೆದ್ಕೊಂಡು ಮನೆಗೆ ಬಂದ್ರೆ ನಾನು ತವರಿಗೆ ಓಯ್ತೀನಿ. ಹುಳಿನ್ ಜೊತೆ ಸಂಸಾರ ಮಾಡ್ಕಳಿ” ಎಂದಳು ಅವನ ಹೆಂಡತಿ ಸುಧಾಮಣಿ.

ಆಕೆ ಹೆದರುವ ಕಾರಣವೇ ಇರಲಿಲ್ಲ. ಮೂರು ರೋಲು ಮುಗಿದರೂ ಒಂದು ಫೋಟೋದಲ್ಲೂ ಜೇನು ಬಿದ್ದಿರಲಿಲ್ಲ. ಒಂದು ರೋಲಿಗೆ ಮೂವತ್ತಾರರಂತೆ ನೂರೆಂಟು ಬರಿಯ ಹೂವು. ಕಚೇರಿಯಲ್ಲಿ ನಾವು ಅದಕ್ಕೆ ‘ಸ್ವಾಮಿಯ ಅಷ್ಟೋತ್ತರ’ ಎಂದು ಹೆಸರಿಟ್ಟೆವು. ಅವನು ಮಾತ್ರ ಒಂದೊಂದನ್ನೂ ತೋರಿಸಿ, “ಇದ್ರಲ್ಲಿ ಈಗ್ತಾನೆ ಎದ್ದೋಯ್ತು ನೋಡಿ ಚಿಕ್ಕಬಸವಯ್ಯನೋರೆ, ಎಸಳು ಇನ್ನೂ ಅಲ್ಲಾಡ್ತಾ ಅದೆ” ಎನ್ನುತ್ತಿದ್ದ. ಚಿಕ್ಕಬಸವಯ್ಯ ಎಂದರೆ ನಾನೇ. ಅವನ ಪಕ್ಕದ ಮೇಜಿನಲ್ಲಿ ಕೂರುವುದು ನನ್ನ ಹಣೆಬರಹ, ಸ್ಕೂಟರಿನಲ್ಲಿ ಅವನನ್ನು ಹೊತ್ತು ತಿರುಗುವುದು ನನ್ನ ದೌರ್ಬಲ್ಯ.

ಜೇನು ಯಾಕೆ ಬೀಳುತ್ತಿರಲಿಲ್ಲ ಎಂಬುದು ಊಟಿ ರಸ್ತೆಯ ಚೆಂಡುಹೂವಿನ ಹೊಲದಲ್ಲಿ ನನಗೆ ಅರ್ಥವಾಯಿತು. ಜೇನುಹುಳ ಹೂವಿನ ಮೇಲೆ ಕೂತಾಗ ತಲೆ ಒಳಗೆ, ಬೆನ್ನು ನಮ್ಮ ಕಡೆ. ಮಲ್ಲಿಕಾರ್ಜುನಸ್ವಾಮಿಗೆ ಬೆನ್ನು ಬೇಡ, ಮುಖ ಬೇಕು. ಅದಕ್ಕೆ ಅವನು ಮಂಡಿಯೂರಿ, ಕ್ಯಾಮೆರಾ ಕಣ್ಣಿಗೆ ಒತ್ತಿ, ಹುಳ ಈ ಕಡೆ ತಿರುಗಲೆಂದು ಕೆನ್ನೆ ಉಬ್ಬಿಸಿ ‘ಉಫ್’ ಎಂದು ಊದುತ್ತಿದ್ದ. ಅವನ ಎದೆ ದೊಡ್ಡದು. ಮಲಗಿದ ಒಲೆಯನ್ನು ಒಂದೇ ಉಸಿರಿಗೆ ಎಬ್ಬಿಸುತ್ತಾನೆಂದು ಸುಧಾಮಣಿಯೇ ಹೇಳುತ್ತಿದ್ದಳು. ಹುಳ ತಿರುಗುತ್ತಿರಲಿಲ್ಲ, ಹಾರಿ ಹೋಗುತ್ತಿತ್ತು.

ಹೊಲದ ಯಜಮಾನ ಮುದ್ದಯ್ಯ ಬದುವಿನ ಮೇಲೆ ನಿಂತು ಇದನ್ನು ನೋಡಿ ದಂಗಾದ.

“ಅಯ್ಯೋ ಸಾಮೇರಾ, ನಮ್ ಹೂವಿಗ್ ಯಾಕ್ ಮಂತ್ರ ಊದ್ತಿದ್ದೀರಿ? ನಿಮ್ಗ್ ನಾ ಏನ್ ಅನ್ಯಾಯ ಮಾಡಿದ್ದೆ?”

“ಮಂತ್ರ ಅಲ್ಲಪ್ಪಾ, ಜೇನು ತಿರುಗ್ಲಿ ಅಂತ.”

“ಜೇನ್ ತಿರುಗುಸ್ಬುಡೋ ಮಂತ್ರನಾ! ಎದ್ದೇಳಿ ಸಾಮಿ ಮೊದ್ಲು!”

ಆ ಸಂಜೆ ಮುದ್ದಯ್ಯ ಹೊಲದ ನಾಲ್ಕು ಮೂಲೆಗೂ ನಿಂಬೆಹಣ್ಣು ಹೂಳಿದನೆಂದು ತಿಳಿಯಿತು. ನಾವು ಆ ಕಡೆ ಹೋಗುವುದನ್ನು ಬಿಟ್ಟೆವು.

ಹೀಗಿರುವಾಗ ಮಲ್ಲಿಕಾರ್ಜುನಸ್ವಾಮಿಯ ಅಕ್ಕ ಗುರುಸಿದ್ದಮ್ಮನ ಮಗಳು ಮಾನಸಳಿಗೆ ಸಂಬಂಧ ಬಂತು. ಹುಡುಗ ಪ್ರಭುಸ್ವಾಮಿ, ಹರವೆಯವನು, ಹಾಲಿನ ಡೈರಿಯ ಕಾರ್ಯದರ್ಶಿ. ಹುಡುಗನ ತಂದೆ ವೃಷಭೇಂದ್ರಪ್ಪ ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರು. ಎಲ್ಲರಿಗೂ ಒಪ್ಪಿಗೆ. ಉಳಿದದ್ದು ಹರವೆ ಪಕ್ಕದ ಅಕ್ಕನ ಊರಿನ ದೇವತೆ ಹೊನ್ನಮ್ಮ ತಾಯಿಯ ಅಪ್ಪಣೆ.

ಆ ಊರಿನಲ್ಲಿ ಅಪ್ಪಣೆಯಿಲ್ಲದೆ ಮದುವೆ ನಡೆಯುವುದಿಲ್ಲ. ದೇವಿಯ ಎರಡು ಭುಜದ ಮೇಲೂ ನೀರು ಚಿಮುಕಿಸಿ ಒಂದೊಂದು ಸೇವಂತಿಗೆ ಅಂಟಿಸುತ್ತಾರೆ, ಬಲಕ್ಕೆ ಹಳದಿ, ಎಡಕ್ಕೆ ಬಿಳಿ. ಬಲಗಡೆಯ ಹೂವು ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಬಲ ಎಂದರೆ ದೇವಿಯ ಬಲ, ತ್ರಿಶೂಲ ಹಿಡಿದ ಕೈಯ ಕಡೆ. ಇದನ್ನು ಓದುಗರು ಈಗಲೇ ಗಟ್ಟಿ ಮಾಡಿಕೊಳ್ಳಬೇಕು, ಮುಂದೆ ಎಲ್ಲರೂ ಕೂಗಾಡುವಾಗ ವಿವರಿಸಲು ನನಗೆ ಪುರುಸೊತ್ತು ಸಿಗುವುದಿಲ್ಲ. ಮಾನಸಳಿಗೆ ಬಂದಿದ್ದ ಎರಡು ಸಂಬಂಧ ಆಗಲೇ ಎಡಕ್ಕೆ ಬಿದ್ದು ಹೋಗಿದ್ದವು.

ಅಪ್ಪಣೆ ಕೇಳುವ ಹಿಂದಿನ ಭಾನುವಾರ ನಾನೂ ಮಲ್ಲಿಕಾರ್ಜುನಸ್ವಾಮಿಯೂ ಗುರುಸಿದ್ದಮ್ಮನ ಮನೆಗೆ ಹೋದಾಗ ಮಾನಸ ಕಾಫಿ ತಂದಳು. ಮುಖ ಬಾಡಿತ್ತು.

“ಏನಮ್ಮಿ, ಹುಡುಗ ಇಷ್ಟ ಇಲ್ವಾ?” ಎಂದ ಮಾವ.

“ಮೂರು ಜನ ಬಂದು ನೋಡ್ಕೊಂಡೋದ್ರು ಮಾವ. ‘ನಿನಗೆ ಒಪ್ಪಿಗೆನಾ’ ಅಂತ ನನ್ನನ್ನ ಕೇಳಿದ್ದು ಇವರೊಬ್ಬರೇ. ಇದೂ ಎಡಕ್ಕೆ ಬಿದ್ಬುಟ್ರೆ...” ಎಂದು ಮಾತು ನುಂಗಿದಳು. ಹುಡುಗಿಗೆ ಹುಡುಗ ಹಿಡಿಸಿದ್ದ, ಅಷ್ಟೇ. ಅದನ್ನು ಅವಳ ಕಣ್ಣೇ ಹೇಳುತ್ತಿತ್ತು.

ಮಲ್ಲಿಕಾರ್ಜುನಸ್ವಾಮಿ ಸಮಾಧಾನ ಮಾಡುವ ಬದಲು ಜೇನಿನ ಕಥೆ ತೆಗೆದ. ನೂರೆಂಟು ಫೋಟೋ, ಮುಖ ತೋರದ ಹುಳ, ಊದುವ ವಿದ್ಯೆ, ಆಲೆಮನೆಯ ಬೆಲ್ಲದ ಪಾಕಕ್ಕೆ ಜೇನು ಮುತ್ತುವ ಪರಿ. ಮಾನಸ ಕಣ್ಣು ಒರೆಸಿಕೊಂಡು ಕೇಳಿದಳು. “ಎಲ್ಲಿ ಜೇನು ಕಂಡ್ರೂ ಊದ್ತೀರಾ ಮಾವ?” ಎಂದಳು. “ಊದ್ದೆ ಇದ್ರೆ ಮುಖ ತೋರಿಸ್ತದಾ?” ಎಂದ ಇವನು.

“ಹಂಗಾದ್ರೆ ಅಪ್ಪಣೆ ದಿನ ಕ್ಯಾಮೆರಾ ತನ್ನಿ. ಗುಡಿ ಕಿಟಕಿ ಪಕ್ಕ ಹೊಂಗೆ ಮರ ಹೂ ಬುಟ್ಟದೆ, ಜೇನು ಒಳಕ್ಕೆಲ್ಲ ಬತ್ತವೆ. ತ್ರಿಶೂಲದ ಕಡೆ ನಿಂತ್ಕೊಳಿ, ಅಲ್ಲಿ ಬೆಳಕು ಚೆನ್ನಾಗದೆ” ಎಂದಳು. ಸೋದರಮಾವನ ಹುಚ್ಚಿಗೆ ನೀರೆರೆಯುವ ಒಂದು ಜೀವವಾದರೂ ಇದೆಯಲ್ಲ ಎಂದು ನನಗೆ ಸಂತೋಷವಾಯಿತು.

ಅಪ್ಪಣೆಯ ದಿನ ಪೂಜಾರಿ ಸೋಮಯ್ಯ ಕ್ಯಾಮೆರಾ ಕಂಡು ಬಾಗಿಲಿಗೇ ಅಡ್ಡ ನಿಂತ. “ತಾಯಿ ಫೋಟೋ ತಗೀಬಾರ್ದು!”

“ನಾ ತಾಯಿ ಫೋಟೋ ತಗಿಯಲ್ಲ ಸೋಮಯ್ಯ. ಜೇನು ಫೋಟೋ ತಗೀತೀನಿ. ಹಿಂದೆ ತಾಯಿ ಬಂದು ನಿಂತ್ಕಂಡ್ರೆ ನಾ ಏನ್ ಮಾಡ್ಲಿ?”

ಈ ಕಾನೂನು ಸೋಮಯ್ಯನಿಗೆ ಬಗೆಹರಿಯುವಷ್ಟರಲ್ಲಿ ಇವನು ಒಳಗಿದ್ದ. ಮಾನಸ ತಾನೇ ಬಿಡಿಸಿ ತಂದ ಎರಡು ಹೂವನ್ನು ಬಾಳೆಯೆಲೆಯಲ್ಲಿಟ್ಟು ಕೊಟ್ಟಳು. ಸೋಮಯ್ಯ ಅಂಟಿಸಿ ಕೈಮುಗಿದ.

“ತಾಯೀ, ವೃಷಭೇಂದ್ರಪ್ಪನ ಮಗ ಪ್ರಭುಸ್ವಾಮಿಗೂ ಮಹದೇವಯ್ಯನ ಮಗಳು ಮಾನಸಂಗೂ ಆಗೋ ಸಂಬಂಧ ಆದ್ರೆ ಬಲಗಡೆ ಕೊಡವ್ವ. ಬ್ಯಾಡ ಅಂದ್ರೆ ಎಡಗಡೆ ಕೊಟ್ಬುಡವ್ವ.”

ಕಾಲು ಗಂಟೆ ಏನೂ ಆಗಲಿಲ್ಲ. ಅರ್ಧ ಗಂಟೆಯಾಯಿತು. ಆಗ ಎಡಗಡೆಯ ಬಿಳಿ ಹೂವು ಒಂದು ಕೂದಲೆಳೆಯಷ್ಟು ಜಾರಿತು. ಗುರುಸಿದ್ದಮ್ಮ “ಅಯ್ಯೋ” ಎಂದು ಬಾಯಿಗೆ ಸೆರಗು ತುರುಕಿಕೊಂಡಳು. ಅವಳ ಗಂಡ ಮಹದೇವಯ್ಯ ಕಂಬ ಹಿಡಿದ. ಮಾನಸಳ ಮುಖದಲ್ಲಿ ರಕ್ತವಿರಲಿಲ್ಲ.

ಅಷ್ಟರಲ್ಲಿ ಕಿಟಕಿಯಿಂದ ಒಂದು ಜೇನು ಬಂತು. ಗರ್ಭಗುಡಿಯಲ್ಲಿ ಎರಡು ಸುತ್ತು ಹಾಕಿ ಬಲಭುಜದ ಹಳದಿ ಸೇವಂತಿಗೆಯ ಮೇಲೆ ಕೂತು, ತಲೆ ಒಳಗೆ ಹುದುಗಿಸಿ, ಎಂದಿನಂತೆ ಮಲ್ಲಿಕಾರ್ಜುನಸ್ವಾಮಿಗೆ ಬೆನ್ನು ತೋರಿಸಿತು. ಇವನು ಸೊಸೆಯ ಮದುವೆ, ಅಕ್ಕನ ಸಂಕಟ, ದೇವಿಯ ಅಪ್ಪಣೆ ಎಲ್ಲ ಮರೆತ. ಎರಡು ಮೊಳದ ದೂರಕ್ಕೆ ಸರಿದು ಬಗ್ಗಿದ. ಪಕ್ಕದಲ್ಲಿದ್ದ ನನಗೆ ಅವನ ಕೆನ್ನೆ ಉಬ್ಬಿದ್ದು ಕಂಡಿತು. ತಡೆಯಲು ನಾನು ಕೈ ಚಾಚಿದೆ, ತಡವಾಗಿತ್ತು.

ಉಫ್! ಫಳ್ ಎಂದು ಫ್ಲ್ಯಾಶ್. ಹೂವು ಬಲಕ್ಕೆ ಬಿತ್ತು.

ಗುಡಿಯಲ್ಲಿ ಗಂಟೆ, ಜಾಗಟೆ, “ತಾಯಿ ಕೊಟ್ಬುಟ್ಲು!” ಎಂಬ ಕೂಗು. ಗುರುಸಿದ್ದಮ್ಮ ಗಳಗಳನೆ ಅತ್ತಳು. ವೃಷಭೇಂದ್ರಪ್ಪನವರು ವಾಚು ನೋಡಿ, “ಹನ್ನೊಂದು ಗಂಟೆ ನಲವತ್ತೆರಡು ನಿಮಿಷ” ಎಂದು ಜೇಬಿನ ಪುಸ್ತಕದಲ್ಲಿ ಬರೆದುಕೊಂಡರು. ಹಿಂದಿದ್ದವರಿಗೆ ಇವನ ಬೆನ್ನು, ಎದುರಿದ್ದವರಿಗೆ ಕ್ಯಾಮೆರಾ ಕಂಡಿತ್ತೇ ಹೊರತು ಯಾರಿಗೂ ಬಾಯಿ ಕಂಡಿರಲಿಲ್ಲ.

ದಾರಿಯಲ್ಲಿ ಸ್ಕೂಟರಿನ ಹಿಂದಿನಿಂದ ದನಿ ಬಂತು. “ಚಿಕ್ಕಬಸವಯ್ಯನೋರೆ, ಹೂವು ಬೀಳ್ಸಿದ್ದು ತಾಯೋ, ನಾನೋ?”

“ಬಾಯ್ ಮುಚ್ಕೊಂಡು ಕೂತ್ಕಳಯ್ಯ. ಇವತ್ತಾದ್ರೂ ಮುಚ್ಚು” ಎಂದೆ.

ಹತ್ತು ದಿನಕ್ಕೆ ಆ ಕಪ್ಪುಬಿಳುಪು ರೋಲು ತೊಳೆದು ಬಂತು. ಸ್ಟುಡಿಯೋ ಕನಕರಾಜು ನೆಗೆಟಿವನ್ನು ಬೆಳಕಿಗೆ ಹಿಡಿದು “ಸಾಮೇರಾ, ಹುಳ ಬಿದ್ದದೆ!” ಎಂದು ಕೂಗಿದಾಗ ಮಲ್ಲಿಕಾರ್ಜುನಸ್ವಾಮಿಗೆ ಭಯವೆಲ್ಲ ಹಾರಿಹೋಯಿತು. ಅದೊಂದನ್ನೇ ಮೈಸೂರಿನ ಲ್ಯಾಬಿನಲ್ಲಿ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ. ದೇವಿ, ಗಾಳಿಯಲ್ಲಿ ಬೀಳುತ್ತಿರುವ ಹೂವು, ಅದರ ಮೇಲೆ ಎಳ್ಳುಕಾಳಿನಷ್ಟು ಜೇನು. ಆಚೆ ಪಕ್ಕದಲ್ಲಿ ಸೋಮಯ್ಯ, ಗುರುಸಿದ್ದಮ್ಮ, ವೃಷಭೇಂದ್ರಪ್ಪ. ಹುಳಕ್ಕೆ ಮುಖವಿತ್ತು, ಅದೂ ತುಂಬ ಗಾಬರಿಯಾದ ಮುಖ. ಸ್ಪರ್ಧೆಗೆ ಕಳಿಸಲು ಇನ್ನೂ ಮೂರು ದಿನವಿತ್ತು. ಅಷ್ಟರಲ್ಲಿ ಬೀಗರಿಗೊಮ್ಮೆ ತೋರಿಸೋಣವೆಂದು ಹರವೆಗೆ ಹೊರಟ, ನನ್ನ ಸ್ಕೂಟರಿನಲ್ಲೇ.

ವೃಷಭೇಂದ್ರಪ್ಪನವರು ಕನ್ನಡಕ ಹಾಕಿ ಫೋಟೋ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಕೈಯಲ್ಲಿದ್ದ ಕಾಫಿ ಲೋಟ ಪಂಚೆಯ ಮೇಲೆ ಬಾಗಿದ್ದೂ ಅವರಿಗೆ ತಿಳಿಯಲಿಲ್ಲ.

“ಸ್ವಾಮೀ, ಹೂವು ಎಡಕ್ಕೆ ಬೀಳ್ತಾ ಅದೆ!”

ಮಲ್ಲಿಕಾರ್ಜುನಸ್ವಾಮಿ ಫೋಟೋ ಕಸಿದು ನೋಡಿದ. ಇದುವರೆಗೆ ಅವನು ಹುಳ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ನಾನೂ ನೋಡಿದೆ. ಹೂವು ದೇವಿಯ ಎಡಗಡೆಗೇ ಬೀಳುತ್ತಿತ್ತು.

“ಆದ್ರೆ ನಾವೆಲ್ಲ ಕಣ್ಣಾರೆ ಬಲಕ್ಕೆ ಬಿದ್ದುದ್ದ ನೋಡುದ್ವಲ್ಲ?” ಎಂದೆ.

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರೀಕರು ಸುಮ್ನೆ ಹೇಳಿಲ್ಲ ಕಣ್ರೀ. ಮೂವತ್ತೆಂಟು ವರ್ಷ ಇಲಾಖೇಲಿ ಕೆಲ್ಸ ಮಾಡಿದ್ದೀನಿ. ಕಂಡೋರ ಸಾಕ್ಷಿ ದಿನಕ್ಕೊಂದ್ ಥರ ಇರ್ತದೆ. ದಾಖಲೆ ಸುಳ್ಳು ಹೇಳಲ್ಲ. ಲಗ್ನಪತ್ರಿಕೆ ಅಚ್ಚು ನಿಲ್ಸಿ!”

ವಾಪಸು ಬರುವಾಗ ಕ್ಲಚ್ ವೈರ್ ಹರಿಯಿತು. ಸ್ಕೂಟರು ತಳ್ಳುತ್ತ ಮಲ್ಲಿಕಾರ್ಜುನಸ್ವಾಮಿ ಮಕ್ಕಳಂತೆ ಅತ್ತ. “ತಾಯಿ ಎಡಕ್ಕೇ ಕೊಡೋಳಿದ್ಲು ಚಿಕ್ಕಬಸವಯ್ಯನೋರೆ. ನಾನು ಊದಿ ಬಲಕ್ಕೆ ಬೀಳಿಸ್ದೆ. ಜನದ ಕಣ್ಣಿಗೆ ಮಣ್ಣೆರಚ್ಬೋದು, ತಾಯಿಗೆ ಆಯ್ತದಾ? ಫೋಟೋದಲ್ಲಿ ನಿಜ ತೋರಿಸ್ಬುಟ್ಲು!” ನನಗೂ ಬೇರೆ ವಿವರಣೆ ಹೊಳೆಯಲಿಲ್ಲ. ಗುಡಿಯಲ್ಲಿ ಅವನ ಪಕ್ಕದಲ್ಲೇ ನಿಂತಿದ್ದ ನನಗೆ ಏನು ಕಾದಿದೆಯೋ ಎಂದು ದಾರಿಯುದ್ದಕ್ಕೂ ಕೈಮುಗಿಯುತ್ತ ನಡೆದೆ.

ಮೂರನೆಯ ದಿನ ಹೊನ್ನಮ್ಮನ ಗುಡಿಯ ಜಗುಲಿಯ ಮೇಲೆ ಪಂಚಾಯಿತಿ ಸೇರಿತು. ಫೋಟೋವನ್ನು ಕಂಬಕ್ಕೆ ಒರಗಿಸಿದ್ದರು. ಊರಿಗೆ ಊರೇ ಸರದಿಯಲ್ಲಿ ಬಂದು ನೋಡಿ ಬೆಚ್ಚಿ ಹಿಂದಕ್ಕೆ ಸರಿಯಿತು. ಅಂದು ಗುಡಿಯಲ್ಲಿದ್ದವರಿಗೇ ಈಗ ಅನುಮಾನ ಹತ್ತಿಕೊಂಡಿತ್ತು.

“ನಂಗ್ ಅವತ್ತೇ ಎಡಕ್ಕೆ ಬಿದ್ದಂಗ್ ಕಂಡಿತ್ತು ಬುಡು” ಎಂದಳು ಪಕ್ಕದ ಮನೆಯ ದೊಡ್ಡಮಲ್ಲಮ್ಮ.

“ನೀ ಅವತ್ತು ಊರಲ್ಲೇ ಇರ್ನಿಲ್ಲ ಕಣಮ್ಮಿ!” ಎಂದು ಗುರುಸಿದ್ದಮ್ಮ ಗದರಿದಳು.

“ಇರ್ನಿಲ್ಲ. ಆದ್ರೂ ಕಂಡಿತ್ತು.”

ಸೋಮಯ್ಯ ಮಾತ್ರ ಫೋಟೋದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ತಡವುತ್ತಿದ್ದ. “ತಡೀರಿ, ತಡೀರಿ. ಹೂವು ತ್ರಿಶೂಲದ ಕಡೀಕೇ ಬೀಳ್ತಾ ಅದೆ. ತ್ರಿಶೂಲ ಇರೋದು ಬಲಗೈಲಿ. ಅಂದ್ಮೇಲೆ...” ಎಂದವನು ಸಟ್ಟನೆ ನಿಲ್ಲಿಸಿ, ಗರ್ಭಗುಡಿಯತ್ತ ನೋಡಿ, ಫೋಟೋ ನೋಡಿ, ಮತ್ತೆ ಗರ್ಭಗುಡಿ ನೋಡಿ, ಬಾಯಿ ಬಾಯಿ ಬಡಿದುಕೊಂಡ. “ಕೆಟ್ಟೋ ಕಣ್ರಪ್ಪೋ! ತಾಯಿ ಕೈ ಬದಲಾಯಿಸ್ಬುಟ್ಟವ್ಳೆ! ಫೋಟೋದಲ್ಲಿ ತ್ರಿಶೂಲ ಎಡಗೈಲದೆ!”

ಆಗ ಎದ್ದ ಗದ್ದಲ ಹೇಳತೀರದು. ಹೆಂಗಸರು ನೆಲಕ್ಕೆ ಅಡ್ಡಬಿದ್ದರು. ಒಬ್ಬ ಶಾಂತಿ ಮಾಡಿಸಬೇಕೆಂದ, ಇನ್ನೊಬ್ಬ ಊರು ಬಿಡೋಣವೆಂದ. ದೊಡ್ಡಮಲ್ಲಮ್ಮ ತನ್ನ ಕರುವನ್ನು ಹೊರಡಿಸಲು ಮನೆಗೆ ಓಡಿದಳು. “ದಾಖಲೇಲಿ ದೇವ್ರೇ ತಿದ್ದುಪಡಿ ಮಾಡವ್ಳೆ” ಎಂದು ವೃಷಭೇಂದ್ರಪ್ಪನವರು ಬೆವರು ಒರೆಸಿಕೊಂಡರು. “ಈ ಸಂಬಂಧದ ಮಾತೇ ಇನ್ನು ಬ್ಯಾಡ.” ಅವರ ಹಿಂದೆ ನಿಂತಿದ್ದ ಪ್ರಭುಸ್ವಾಮಿ ತಲೆ ತಗ್ಗಿಸಿದ.

ಮಲ್ಲಿಕಾರ್ಜುನಸ್ವಾಮಿ ಎದ್ದು ನಿಂತ. “ತಪ್ಪೆಲ್ಲ ನಂದು. ಅವತ್ತು ನಾನು ಗುಡಿ ಒಳಗೆ... ನಾನು ಬಾಯಲ್ಲಿ...”

“ಅವ್ವಾ!” ಎಂದು ಮಾನಸ ಕಿರುಚಿದಳು. ಇವನ ಬಾಯಿ ಅಲ್ಲಿಗೇ ಮುಚ್ಚಿತು. “ಅವ್ವಾ, ನೀ ಯಾವತ್ತಾದ್ರೂ ಬಲಭುಜಕ್ಕೆ ಸೆರಗು ಹಾಕಿದ್ದೀಯಾ?”

“ನಾ ಯಾಕ್ ಹಾಕನಮ್ಮಿ? ನಂಗೇನ್ ಬುದ್ಧಿ ಕೆಟ್ಟದಾ?”

“ಫೋಟೋದಲ್ಲಿ ಹಾಕಿದ್ದೀಯ ನೋಡು.”

ಗುರುಸಿದ್ದಮ್ಮ ನೋಡಿದಳು. ದೇವಿ ಕೈ ಬದಲಾಯಿಸಿದ್ದಕ್ಕಿಂತ ತನ್ನ ಸೆರಗು ಬದಲಾದದ್ದು ಅವಳಿಗೆ ದೊಡ್ಡ ಆಘಾತವಾಯಿತು. “ಲೇ ಮಲ್ಲ! ಏನ್ಲಾ ಮಾಡ್ಬುಟ್ಟೆ ನನ್ನ? ಬೀಗರ ಮುಂದೆ ಹಿಂಗ್ ನಿಲ್ಸಿದ್ದೀಯಲ್ಲಾ!”

“ಮಾವ, ಅವರ ವಾಚು ಯಾವ ಕೈಲದೆ ನೋಡಿ” ಎಂದಳು ಮಾನಸ.

ವೃಷಭೇಂದ್ರಪ್ಪನವರು ತಮ್ಮ ಎಡಗೈಯ ವಾಚು ನೋಡಿಕೊಂಡರು. ಫೋಟೋದಲ್ಲಿ ಅದು ಬಲಗೈಯಲ್ಲಿತ್ತು. “ಇದು ಸುಳ್ಳು! ಮೂವತ್ತೆಂಟು ವರ್ಷದಿಂದ ಈ ವಾಚು ಈ ಕೈ ಬಿಟ್ಟಿಲ್ಲ!” ಎಂದು ಗುಡುಗಿದರು. ದೇವಿ ಕೈ ಬದಲಾಯಿಸಿಯಾಳು, ರೆವಿನ್ಯೂ ಇನ್ಸ್‌ಪೆಕ್ಟರು ಬದಲಾಯಿಸುವವರಲ್ಲ.

ಮಾನಸ ಒಳಗಿನಿಂದ ಕನ್ನಡಿ ತಂದು ಫೋಟೋಗೆ ಎದುರು ಹಿಡಿದಳು. ಕನ್ನಡಿಯಲ್ಲಿ ತ್ರಿಶೂಲ ಬಲಗೈಗೆ ಬಂತು, ಸೆರಗು ಎಡಭುಜಕ್ಕೆ ಬಂತು, ವಾಚು ಎಡಗೈಗೆ ಬಂತು, ಹೂವು ಬಲಕ್ಕೆ ಬಿತ್ತು. ಅಷ್ಟಾದರೂ ವೃಷಭೇಂದ್ರಪ್ಪನವರು ಒಪ್ಪಲಿಲ್ಲ, ಮೂಲ ದಾಖಲೆ ಹಾಜರಾಗಬೇಕೆಂದರು. ಬಾಡಿಗೆ ಜೀಪು ಗುಂಡ್ಲುಪೇಟೆಗೆ ಓಡಿ ಕನಕರಾಜುವನ್ನು ನೆಗೆಟಿವ್ ಸಮೇತ ಎತ್ತಿಕೊಂಡು ಬಂತು. ಅವನು ಎರಡನ್ನೂ ನೋಡಿ ತಲೆ ಕೆರೆದುಕೊಂಡ. “ಲ್ಯಾಬಲ್ಲಿ ನೆಗೆಟಿವ್ನ ತಿರುವಿ ಹಾಕ್ಬುಟ್ಟವ್ರೆ ಸಾಮಿ. ಮಗ್ಗುಲು ಬದಲಾಗದೆ, ಅಷ್ಟೇಯ.” ನೆಗೆಟಿವನ್ನು ಸೂರ್ಯನಿಗೆ ಹಿಡಿದು ಎಲ್ಲರೂ ಒಬ್ಬೊಬ್ಬರಾಗಿ ನೋಡಿದರು. ವೃಷಭೇಂದ್ರಪ್ಪನವರು ಮೂರು ಸಲ ನೋಡಿ, ಜೇಬಿನ ಪುಸ್ತಕದಲ್ಲಿ ‘ಪರಿಶೀಲಿಸಿದೆ’ ಎಂದು ಬರೆದು, “ಅಚ್ಚು ಹಾಕ್ಸಿ” ಎಂದರು. ಅಷ್ಟು ಹೊತ್ತಿಗೆ ಸಂಜೆ ಆರು ಗಂಟೆ, ಸ್ಪರ್ಧೆಯ ಕೊನೆಯ ದಿನ ಮುಗಿದಿತ್ತು. ಈ ಸುದ್ದಿಗೆ ಸುಧಾಮಣಿ ದೇವರಿಗೆ ತುಪ್ಪದ ದೀಪ ಹಚ್ಚಿದಳಂತೆ.

ಮದುವೆ ಚಾಮರಾಜನಗರದ ಛತ್ರದಲ್ಲಿ. ಮುಹೂರ್ತಕ್ಕೆ ಇನ್ನೂ ಅರ್ಧ ಗಂಟೆ ಇರುವಾಗ ಮಲ್ಲಿಕಾರ್ಜುನಸ್ವಾಮಿ ನನ್ನ ಕೈ ಹಿಡಿದೆಳೆದುಕೊಂಡು ಹೆಣ್ಣಿನ ಕೋಣೆಗೆ ನುಗ್ಗಿದ. ಅವನು ಒಂದು ತಿಂಗಳಿಂದ ಸರಿಯಾಗಿ ಉಂಡಿರಲಿಲ್ಲ.

“ಮಾನಸ, ಒಂದ್ ಮಾತು ಹೇಳ್ದೆ ಇದ್ರೆ ನಾ ಸೋದರಮಾವನ ಶಾಸ್ತ್ರಕ್ಕೆ ನಿಲ್ಲಕಾಗಲ್ಲ ಕಣಮ್ಮಿ. ಅವತ್ತು ಹೂವು ಬೀಳ್ಸಿದ್ದು ತಾಯಲ್ಲ. ನಾನು ಊದ್ಬುಟ್ಟೆ. ಈಗಲೂ ಹೇಳು, ನಿಲ್ಸು ಅಂದ್ರೆ ನಿಲ್ಸ್‌ತೀನಿ.”

ಮಾನಸ ಬಾಸಿಂಗ ಸರಿಮಾಡಿಕೊಳ್ಳುತ್ತ ಕನ್ನಡಿಯೊಳಗಿಂದಲೇ ನೋಡಿದಳು. “ಗೊತ್ತು ಮಾವ.”

“ಏನ್ ಗೊತ್ತು?”

“ನೀವು ಊದ್ತೀರಿ ಅಂತ ಗೊತ್ತು. ಅದ್ಕೇ ತ್ರಿಶೂಲದ ಕಡೆ ನಿಂತ್ಕೊಳಿ ಅಂದದ್ದು. ಹಳದಿ ಹೂವಿನ ನೆತ್ತಿಗೆ ಎರಡು ತೊಟ್ಟು ಬೆಲ್ಲದ ಪಾಕ ಬುಟ್ಟಿದ್ದೆ.”

ನಾನು ಅಲ್ಲಿದ್ದ ಟ್ರಂಕಿನ ಮೇಲೆ ಕುಸಿದು ಕೂತೆ. ಮಲ್ಲಿಕಾರ್ಜುನಸ್ವಾಮಿಗೆ ಕೂರಲು ಜಾಗವಿರಲಿಲ್ಲ, ನಿಂತಲ್ಲೇ ಕಲ್ಲಾದ.

“ಅಂದ್ರೆ... ತಾಯಿ ಅಪ್ಪಣೆ?”

“ಬಿಳಿ ಹೂವು ಜಾರಿದ್ದು ನೆನಪದಾ ಮಾವ? ನೀವು ಊದೋಗಂಟ ಅದನ್ನ ತಡೆದು ನಿಲ್ಸಿದ್ದು ಯಾರು? ಅದು ಅಪ್ಪಣೆ ಅಲ್ವಾ?” ಎಂದವಳು ಇವನ ಕಾಲಿಗೆ ನಮಸ್ಕಾರ ಮಾಡಿದಳು. ಅವಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು. “ಎಲ್ಲಾರೂ ತಾಯಿನೇ ಕೇಳ್ತಿದ್ರು. ನನ್ನನ್ನ ಕೇಳಿದೋರು ಒಬ್ಬರೇ. ಅವರನ್ನ ಎಡಕ್ಕೆ ಬೀಳಾಕೆ ಬುಡ್ಬೇಕಿತ್ತಾ?”

ಮುಹೂರ್ತದ ಹೊತ್ತಿಗೆ ಮಲ್ಲಿಕಾರ್ಜುನಸ್ವಾಮಿ ಮಂಟಪದಲ್ಲಿ ಸೊಸೆಯ ಪಕ್ಕ ಬಂದು ನಿಂತ. ಕ್ಯಾಮೆರಾ ಕೊರಳಲ್ಲೇ ಇತ್ತು. ಓಲಗ ಜೋರಾಗಿ, ಗಂಡು ಹೆಣ್ಣು ಹಾರ ಬದಲಾಯಿಸಿಕೊಂಡರು. ಅದೇ ಗಳಿಗೆಗೆ ಎಲ್ಲಿಂದಲೋ ಒಂದು ಜೇನು ಬಂದು ಮಾನಸಳ ಹಾರದ ಸೇವಂತಿಗೆಯ ಮೇಲೆ ಕೂತು, ಕರೆಯದೆಯೇ ತಿರುಗಿ, ಮಲ್ಲಿಕಾರ್ಜುನಸ್ವಾಮಿಗೆ ನೆಟ್ಟಗೆ ಮುಖ ತೋರಿಸಿತು.

“ತಗೀರಿ ಸಾಮೀ, ತಗೀರಿ!” ಎಂದು ಇಡೀ ಛತ್ರ ಕೂಗಿತು. ವೃಷಭೇಂದ್ರಪ್ಪನವರು ಕುರ್ಚಿ ಬಿಟ್ಟು ಎದ್ದು ನಿಂತರು.

ಮಲ್ಲಿಕಾರ್ಜುನಸ್ವಾಮಿ ಕ್ಯಾಮೆರಾ ಮುಟ್ಟಲಿಲ್ಲ. ಎರಡೂ ಅಂಗೈಯಿಂದ ಬಾಯಿ ಒತ್ತಿ ಮುಚ್ಚಿಕೊಂಡು, ಮೂರು ಗಂಟು ಬೀಳುವವರೆಗೂ ಉಸಿರಾಡದೆ ನಿಂತಿದ್ದ.